ತಾನೇ ಬಡಿಸಿಕೊಂಡು ಉಂಡವಳು

ನನ್ನ ಮಗನನ್ನು ಮಣ್ಣು ಮಾಡಿದ ಮರುದಿನ ಮಧ್ಯಾಹ್ನ ನನ್ನ ಸೊಸೆ ಅಡುಗೆಮನೆಯಲ್ಲಿ ತಾನೇ ತಟ್ಟೆ ತೆಗೆದುಕೊಂಡು, ತಾನೇ ಬಡಿಸಿಕೊಂಡು ಉಣ್ಣುತ್ತಿದ್ದುದನ್ನು ನಾನು ನೋಡಿದೆ. ನಾನು ನಡುಮನೆಯ ಗೋಡೆಗೆ ಒರಗಿ ಕುಳಿತಿದ್ದೆ. ಅಲ್ಲಿಂದ ಅಡುಗೆಮನೆಯ ಬಾಗಿಲು ನೇರ ಕಾಣುತ್ತದೆ. ಅವಳ ಬೆನ್ನು ನನ್ನ ಕಡೆಗಿತ್ತು. ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿ ನುಂಗುತ್ತಿದ್ದಳು. ನಡುವೆ ಎದ್ದು ಪಾತ್ರೆಯಿಂದ ಇನ್ನೊಂದು ಸೌಟು ಸಾರು ಹಾಕಿಕೊಂಡಳು. ಆ ಎರಡನೇ ಸೌಟು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು.

ನಮ್ಮ ಕಡೆ ಸಾವಿನ ಮನೆಯಲ್ಲಿ ಉಣ್ಣುವುದಕ್ಕೆ ಒಂದು ಕ್ರಮವಿದೆ. ಮೂರನೇ ದಿನ ಮಣ್ಣು ಮಾಡಿದ ಗುದ್ದಿನ ಮೇಲೆ ಹಾಲು-ತುಪ್ಪ ಬಿಡುವವರೆಗೆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರು, ನೆಂಟರು ಮುದ್ದೆ ಸಾರು ಮಾಡಿ ತರುತ್ತಾರೆ. ಆದರೆ ತಂದಿಟ್ಟರೆಂದು ಕಳೆದುಕೊಂಡವರು ತಾವಾಗಿ ತಟ್ಟೆಗೆ ಕೈ ಹಾಕುವ ಹಾಗಿಲ್ಲ. ಯಾರಾದರೂ ಬಂದು ರಟ್ಟೆ ಹಿಡಿದು ಎಬ್ಬಿಸಬೇಕು, ಮುಖ ತೊಳೆಸಬೇಕು, ಒಂದು ತುತ್ತಾದರೂ ತಿನ್ನು ಎಂದು ಬಲವಂತ ಮಾಡಬೇಕು. ನಾವು ಬೇಡ ಎನ್ನಬೇಕು. ಅವರು ಮತ್ತೆ ಬಲವಂತ ಮಾಡಬೇಕು. ಇದನ್ನು ಯಾರೂ ಕೂರಿಸಿ ಹೇಳಿಕೊಡುವುದಿಲ್ಲ. ಚಿಕ್ಕವರಿದ್ದಾಗಿನಿಂದ ಸಾವಿನ ಮನೆಗಳಲ್ಲಿ ಅಮ್ಮಂದಿರ ಮಗ್ಗುಲಲ್ಲಿ ಕೂತು ನೋಡಿರುತ್ತೇವೆ, ಅಷ್ಟೇ. ಬಲವಂತಕ್ಕೆ ಕಾಯದೆ ಉಂಡವಳ ಸುದ್ದಿ ಬಹಳ ವರ್ಷ ಉಳಿಯುತ್ತದೆ ಎಂಬುದೂ ಎಲ್ಲರಿಗೂ ಗೊತ್ತು.

ಗಂಡನ ಮನೆಯಲ್ಲಿ ಗಂಡ ಸತ್ತರೆ ಆ ಹೆಣ್ಣಿಗೆ ಉಣ್ಣಿಸಲು ತವರಿನಿಂದ ತಾಯಿ ಬರುತ್ತಾಳೆ. ನನ್ನ ಸೊಸೆಯ ತಾಯಿ ಕಾಲು ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಅಣ್ಣ ಮಣ್ಣಿಗೆ ಬಂದು, ತಾಯಿಯನ್ನು ನೋಡಿಕೊಳ್ಳುವವರಿಲ್ಲವೆಂದು ಅಂದೇ ಸಂಜೆ ಹಿಂದಕ್ಕೆ ಹೋಗಿದ್ದ. ಇದು ನನಗೆ ತಿಳಿದಿರಲಿಲ್ಲವೆಂದಲ್ಲ. ತಿಳಿದಿತ್ತು.

ನನ್ನ ಮಗ ಸರಕು ಆಟೋ ಓಡಿಸುತ್ತಿದ್ದ. ಮತ್ತೋಡು ಸುತ್ತಿನ ತೋಟಗಳಿಂದ ತೆಂಗಿನಕಾಯಿ ತುಂಬಿಕೊಂಡು ಹೊಸದುರ್ಗದ ಮಾರುಕಟ್ಟೆಗೆ ಹಾಕುತ್ತಿದ್ದ. ವಯಸ್ಸು ಮೂವತ್ತು ದಾಟಿತ್ತು, ಅಷ್ಟೇ. ಆ ಬೆಳಿಗ್ಗೆ ಸೊಸೆಗೂ ಹೊಸದುರ್ಗದಲ್ಲಿ ಮಹಿಳಾ ಸಂಘದ ಕೆಲಸವಿತ್ತು, ಅವನ ಗಾಡಿಯಲ್ಲೇ ಹೋಗಿದ್ದಳು. ಚೀಲ ಇಳಿಸುತ್ತಿದ್ದವನು ಎದೆ ಹಿಡಿದುಕೊಂಡು ಕೂತನಂತೆ. ಅಲ್ಲಿಂದ ಅವನನ್ನೂ ಸೊಸೆಯನ್ನೂ ಗಾಡಿಯಲ್ಲಿ ಕೂರಿಸಿಕೊಂಡು ದುರ್ಗದ ಜಿಲ್ಲಾ ಆಸ್ಪತ್ರೆಗೆ ಹೊರಟರು. ಹೊಳಲ್ಕೆರೆ ದಾಟುವಷ್ಟರಲ್ಲಿ ಅವನು ಹೋಗಿಬಿಟ್ಟಿದ್ದ. ನನ್ನ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮನೆಯಲ್ಲಿ ಉಳಿದವರು ನಾನು, ಸೊಸೆ, ಒಂದನೇ ತರಗತಿ ಮುಗಿಸಿದ್ದ ಮೊಮ್ಮಗಳು. ಗೋಡೆಯಾಚೆ ನನ್ನ ಮೈದುನನ ಮನೆ. ಅವರು ಕುರಿ ಸಾಕಿದ್ದಾರೆ. ಬಂದವರು ಕೂರಲೆಂದು ಅಂಗಳದಲ್ಲಿ ಹಾಸಿದ ಕಂಬಳಿಗಳೂ ಅವರ ಮನೆಯವೇ.

ಸೊಸೆ ಉಣ್ಣುತ್ತಿದ್ದಾಗಲೇ ಪಕ್ಕದೂರಿನ ಹೆಂಗಸರು ನಾಲ್ಕೈದು ಜನ ಮಾತಾಡಿಸಲು ಬಂದರು. ಹೊಸಬರು ಬಂದಾಗ ತಬ್ಬಿಕೊಂಡು ಅಳಬೇಕು; ಅತ್ತೆವು. ಅಳು ಸ್ವಲ್ಪ ಇಳಿದ ಮೇಲೆ ಅವರಲ್ಲಿ ಹಿರಿಯಳು ಸುತ್ತ ನೋಡಿ ಕೇಳಿದಳು.

"ಸೊಸೆ ಎಲ್ಲಿ, ಕಾಣವಲ್ಲಳಲ್ಲ?"

ನಾನು ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದೆ. "ಒಳಗಿದಾಳೆ. ಉಣ್ತಾ ಇದಾಳೆ. ಅವಳಿಗೇನವ್ವ, ಹೊಟ್ಟೆ ತುಂಬಿದ್ರೆ ಆತು. ಹೋಗಿದ್ದು ನನ್ನ ಮಗ."

ಒಬ್ಬಳು ಕೆನ್ನೆಯ ಮೇಲೆ ಕೈ ಇಟ್ಟುಕೊಂಡಳು. ನನ್ನ ಓರಗಿತ್ತಿ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಷ್ಟು, "ಉಣ್ಣಾಕೆ ಮನಸಾದ್ರೂ ಹೆಂಗೆ ಬರ್ತೈತೋ" ಎಂದಳು. ಆಗ ನನಗೆ ಒಂದು ಬಗೆಯ ಸಮಾಧಾನವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಮಗ ಸತ್ತ ಮರುದಿನ ನನಗೆ ಸಮಾಧಾನ ಕೊಟ್ಟದ್ದು ಆ ಒಂದು ಮಾತು.

ಆಮೇಲಿನ ದಿನಗಳಲ್ಲಿ ನಾನು ಸೊಸೆಯನ್ನು ನೋಡುತ್ತಲೇ ಇದ್ದೆ. ಅವಳು ಫೋನಿನಲ್ಲಿ ಮಾತಾಡಿದರೆ ಯಾರ ಜೊತೆ ಎಂದು ಕಿವಿಗೊಟ್ಟೆ. ತಲೆ ಬಾಚಿಕೊಂಡರೆ ಬಾಚಣಿಗೆ ಎಷ್ಟು ಹೊತ್ತು ಓಡಿತೆಂದು ನೋಡಿದೆ. ಮೊಮ್ಮಗಳು ಏನೋ ಹೇಳಿದ್ದಕ್ಕೆ ಒಮ್ಮೆ ನಕ್ಕಳು. ಆ ನಗು ನನ್ನ ಎದೆಗೆ ಚುಚ್ಚಿತು. ಹಗಲು ಮಲಗಿದರೆ ಆರಾಮಾಗಿದ್ದಾಳೆ ಎಂದುಕೊಂಡೆ, ಮಲಗದೆ ಕೆಲಸ ಮಾಡಿದರೆ ಎದೆಯಲ್ಲಿ ಏನೂ ಇಲ್ಲದವಳಿಗೆ ಮೈಯಲ್ಲಿ ಕಸುವು ಇರುತ್ತದೆ ಎಂದುಕೊಂಡೆ. ಒಂದು ದಿನ ಅವಳು ಅವನ ಅಂಗಿಗಳನ್ನೆಲ್ಲ ತೊಳೆದು ಹಗ್ಗದ ಮೇಲೆ ಹಾಕಿದಳು. ಅವನ ವಾಸನೆ ಹೋಗಲೆಂದೇ ತೊಳೆದಳು ಎಂದು ಓರಗಿತ್ತಿಗೆ ಹೇಳಿದೆ. ತೊಳೆಯದೆ ಇಟ್ಟಿದ್ದರೆ ಏನು ಹೇಳುತ್ತಿದ್ದೆನೋ, ಅದಕ್ಕೂ ಒಂದು ಮಾತು ನನ್ನಲ್ಲಿ ಇದ್ದೇ ಇರುತ್ತಿತ್ತು.

ಆಗ ನನಗೆ ನಾನು ಏನನ್ನೋ ಮಾಡುತ್ತಿದ್ದೇನೆ ಎನ್ನಿಸಲಿಲ್ಲ. ಇರುವುದನ್ನು ನೋಡುತ್ತಿದ್ದೇನೆ, ಅಷ್ಟೇ ಎಂದುಕೊಂಡಿದ್ದೆ. ನೀರಿನ ಲೋಟ ಅವಳ ಕೈಗೆ ಕೊಡುವ ಬದಲು ಪಕ್ಕದಲ್ಲಿ ಇಡಲು ಶುರುಮಾಡಿದ್ದೆ. ಅವಳು ಕರೆದರೆ ಒಂದು ಕ್ಷಣ ತಡೆದು ಓಗೊಡುತ್ತಿದ್ದೆ. ಮೊಮ್ಮಗಳನ್ನು ಅವಳ ಮಡಿಲಿನಿಂದ ಎತ್ತಿಕೊಳ್ಳುವಾಗ ಸ್ವಲ್ಪ ಎಳೆದೇ ಎತ್ತಿಕೊಳ್ಳುತ್ತಿದ್ದೆ. ಇವೆಲ್ಲ ಮನಸ್ಸಿನಲ್ಲಿ ನಿರ್ಧಾರ ಮಾಡಿ ಮಾಡಿದ್ದಲ್ಲ. ಕೈಗಳೇ ಕಲಿತುಬಿಟ್ಟಿದ್ದವು.

ಹಿಂದಿನ ವರ್ಷದ ಒಂದು ಸಂಗತಿ ಹೇಳಬೇಕು. ಹೊಸದುರ್ಗದಲ್ಲಿ ನಮ್ಮ ಸಂಘದವರಿಗೆಲ್ಲ ತರಬೇತಿ ಇಟ್ಟಿದ್ದರು. ದುರ್ಗದಿಂದ ಬಂದಿದ್ದ ಮೇಷ್ಟ್ರು ಬೋರ್ಡಿನ ಮೇಲೆ ದೊಡ್ಡದಾಗಿ 'ಮನೋಭಾವ' ಎಂದು ಬರೆದು, ಮೇಜಿನ ಮೇಲೆ ಅರ್ಧ ನೀರಿದ್ದ ಗಾಜಿನ ಲೋಟ ಇಟ್ಟರು.

"ಹೇಳ್ರಿ ನೋಡಾಣ. ಈ ಲೋಟ ಅರ್ಧ ತುಂಬೈತೋ, ಅರ್ಧ ಖಾಲಿ ಐತೋ?"

"ಮೊದ್ಲರ್ಧ ಯಾರು ಕುಡುದ್ರು ಸಾ?" ಎಂದು ಹಿಂದಿನಿಂದ ಒಬ್ಬಳು ಕೂಗಿದಳು.

ಎಲ್ಲರೂ ನಗುತ್ತಿರುವಾಗ ನನ್ನ ಸೊಸೆ ಎದ್ದು ಹೋಗಿ, "ಸಾ, ನೀರಡಿಕೆ ಆಗೈತೆ" ಎಂದು ಲೋಟ ಎತ್ತಿ ಗಟಗಟ ಕುಡಿದು ಕೆಳಗಿಟ್ಟಳು. ಮೇಷ್ಟ್ರು ಬಾಯಿ ಬಿಟ್ಟುಕೊಂಡು ನೋಡಿ, ತಾವೂ ನಕ್ಕುಬಿಟ್ಟರು. "ಈಗ ಪೂರ್ತಿ ಖಾಲಿ ಆತು ನೋಡವ್ವ. ನನ್ನ ಪಾಠನೂ ಮುಗೀತು. ಹೋಗಾಣ ನಡ್ರಿ."

ಬಸ್ಸಿನಲ್ಲಿ ಬರುವಾಗ ಆ ಕಥೆಯನ್ನು ಗುರುತಿಲ್ಲದವರಿಗೂ ಹೇಳಿದೆ. ನನ್ನ ಸೊಸೆ ನೋಡ್ರಿ, ಎಷ್ಟು ಚುರುಕು, ನಾಚಿಕೆ ಗೀಚಿಕೆ ಏನೂ ಇಲ್ಲ ಎಂದು ಹೆಮ್ಮೆಯಿಂದ ಹೇಳಿದೆ. ಮನೆಗೆ ಬಂದ ಮೇಲೆ ಮಗನಿಗೆ ಆಡಿ ತೋರಿಸಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನೀರಡಿಕೆಯಾದಾಗ ಕುಡಿದವಳೂ ಹಸಿವಾದಾಗ ಉಂಡವಳೂ ಒಬ್ಬಳೇ. ನನ್ನ ಬಾಯಿಯಲ್ಲಿ ಮಾತ್ರ ಒಂದು ಚುರುಕಾಯಿತು, ಇನ್ನೊಂದು ನಾಚಿಕೆಗೇಡಾಯಿತು.

ಹನ್ನೊಂದನೇ ದಿನದ ತಿಥಿ ಮುಗಿಯಿತು. ಅಷ್ಟರಲ್ಲಿ ನನ್ನ ಮಾತು ಪಕ್ಕದೂರಿನಿಂದ ಹಿರಿಯೂರು ದಾಟಿ ಜವನಗೊಂಡನಹಳ್ಳಿಯವರೆಗೆ ಹೋಗಿತ್ತು. ಅದು ಅವಳ ತವರು. ಅಂದು ಬಂದಿದ್ದ ಹೆಂಗಸರಲ್ಲಿ ಒಬ್ಬಳ ಮಗಳನ್ನು ಆ ಕಡೆ ಕೊಟ್ಟಿದ್ದಾರೆ. ತಿಥಿಯ ಮರುದಿನ ಸೊಸೆಯ ಅಣ್ಣ ಬಂದ. ಗಂಡ ಸತ್ತ ಹೆಣ್ಣನ್ನು ಕೆಲವು ದಿನ ತವರಿಗೆ ಕರೆದುಕೊಂಡು ಹೋಗುವುದು ನಮ್ಮಲ್ಲಿ ಇದ್ದದ್ದೇ. ಅದಕ್ಕೆ ಯಾರೂ ಬೇಡವೆನ್ನುವುದಿಲ್ಲ. ಆದರೆ ಅವನು ಒಳಗೆ ಬಂದು ಕೂರಲಿಲ್ಲ. ಅಂಗಳದಲ್ಲೇ ನಿಂತು ಹೇಳಿದ.

"ಅತ್ತೆ, ತಂಗೀನ ಕರ್ಕಂಡು ಹೋಗ್ತೀನಿ. ಮಗೂನೂ ಬರ್ಲಿ."

"ಆತಪ್ಪ. ಒಂದು ತಿಂಗ್ಳು ಇದ್ದು ಬರ್ಲಿ."

"ಎಷ್ಟು ದಿನ ಅಂತ ಆಮೇಲೆ ನೋಡಾಣ. ನಮ್ಮನೆಯಾಗೆ ಅವಳು ಉಂಡಿದ್ದನ್ನ ಯಾರೂ ನೋಡಾಕೆ ಕೂರಲ್ಲ."

ಗೋಡೆಯಾಚೆ ಓರಗಿತ್ತಿ ಕುರಿಗಳಿಗೆ ನೀರು ಹುಯ್ಯುತ್ತಿದ್ದವಳು ಕೈ ನಿಲ್ಲಿಸಿದಳು. ಸೊಸೆ ಬಟ್ಟೆಯ ಚೀಲ ಹಿಡಿದು ಬಂದು, "ಬರ್ತೀನಿ ಅತ್ತೆ" ಎಂದಳು. ನಾನು ಹ್ಞೂಂ ಎಂದೆ. ಮೊಮ್ಮಗಳು ಬೈಕಿನ ಮೇಲೆ ಮಾವನ ಮುಂದೆ ಕೂತು ಕೈ ಬೀಸಿದಳು. ಅವರು ಹೋದ ಮೇಲೂ ಅವನ ಮಾತಿನಲ್ಲಿ ನನಗೆ ಕಂಡದ್ದು ಅವನ ಸೊಕ್ಕು ಮಾತ್ರ. ಸಂಜೆ ಓರಗಿತ್ತಿಯೂ ನಾನೂ ಅವನ ಸೊಕ್ಕಿನ ಬಗ್ಗೆ ಬಹಳ ಹೊತ್ತು ಮಾತಾಡಿದೆವು.

ಆಮೇಲೆ ಮನೆ ಖಾಲಿಯಾಯಿತು. ಮಾತಾಡಿಸಲು ಬರುವವರು ಕಡಿಮೆಯಾದರು. ಓರಗಿತ್ತಿ ಕೆಲವು ದಿನ ಊಟ ತಂದುಕೊಟ್ಟಳು. ಅವರ ಕುರಿ ಮಂದೆಯನ್ನು ದೂರದ ಹೊಲಕ್ಕೆ ಹೊಡೆದುಕೊಂಡು ಹೋದ ಮೇಲೆ ಅವಳಿಗೂ ಪುರುಸೊತ್ತಾಗಲಿಲ್ಲ. ಒಲೆ ನಾನೇ ಹಚ್ಚಬೇಕಾಯಿತು. ಒಂದು ಮಧ್ಯಾಹ್ನ ಒಂದು ಮುದ್ದೆ ಮಾಡಿಕೊಂಡು, ಸೊಪ್ಪಿನ ಸಾರಿನಲ್ಲಿ ಉಂಡೆ. ಉಂಡದ್ದು ಸಾಲಲಿಲ್ಲ. ತಪ್ಪಲೆಯ ತಳದಲ್ಲಿ ಅಂಟಿದ್ದನ್ನು ಕೆರೆದು ತಟ್ಟೆಗೆ ಹಾಕಿಕೊಂಡೆ, ಅದನ್ನೂ ಉಂಡೆ. ಉಣ್ಣು ಎನ್ನುವವರು ಯಾರೂ ಇರಲಿಲ್ಲ, ಬೇಡ ಎನ್ನಲು ನನಗೂ ಅವಕಾಶವಿರಲಿಲ್ಲ. ಮಗ ಸತ್ತಿದ್ದ, ಸಾರಿಗೆ ಉಪ್ಪು ಸರಿಯಾಗಿತ್ತು, ಹಸಿವಾಗಿತ್ತು. ಎಂಜಲು ಕೈಯಲ್ಲಿ ಕುಳಿತಿದ್ದಾಗ ಇನ್ನೊಂದು ನೆನಪಾಯಿತು. ಅದು ಅಷ್ಟು ದಿನ ನನ್ನೊಳಗೇ ಇತ್ತು. ನಾನು ಅದರ ಕಡೆ ತಿರುಗಿ ನೋಡಿರಲಿಲ್ಲ.

ಸೊಸೆ ಉಂಡ ದಿನ ಬೆಳಿಗ್ಗೆ ನಾನೂ ಉಂಡಿದ್ದೆ. ಓರಗಿತ್ತಿ ನನ್ನನ್ನು ಎಬ್ಬಿಸಿ ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದ್ದಳು. ಬೇಡ ಎಂದೆ. ಮತ್ತೆ ಬೇಡ ಎಂದೆ. ಆಮೇಲೆ ಒಂದು ಮುದ್ದೆ ಪೂರ್ತಿ ಉಂಡು, ಮೇಲೆ ಅರ್ಧ ಹಾಕಿಸಿಕೊಂಡೆ. ಅವಳು ಹೊರಗೆ ಹೋಗಿ ಕಂಬಳಿಯ ಮೇಲೆ ಕೂತಿದ್ದವರಿಗೆ, "ಎಲ್ಡು ತುತ್ತು ತಿನ್ನಿಸ್ದೆ ಅಷ್ಟೇ. ಗಂಟ್ಲಾಗೆ ಇಳೀವಲ್ದು ಪಾಪ" ಎಂದಳು. ಒಳಗೆ ಕೇಳಿಸುತ್ತಿತ್ತು. ನಾನು ಬಾಯಿ ಒರೆಸಿಕೊಂಡು, ಎರಡೇ ತುತ್ತು ತಿಂದವಳ ಹಾಗೆ ಹೊರಗೆ ಬಂದು ಗೋಡೆಗೆ ಒರಗಿದೆ. ಅದೇ ಗೋಡೆಯಿಂದಲೇ ಮಧ್ಯಾಹ್ನ ಸೊಸೆಯನ್ನು ನೋಡಿದ್ದು. ಎರಡೂ ಊಟಗಳು ಒಂದೇ ಪಾತ್ರೆಯವು.

ಹೋಗಬೇಕು ಎಂದುಕೊಂಡೆ. ಆದರೂ ಹೋಗಲು ಬಹಳ ದಿನ ಹಿಡಿಯಿತು. ಮೊಮ್ಮಗಳ ಶಾಲೆ ಶುರುವಾಗುವ ಕಾಲ ಹತ್ತಿರವಾಗುತ್ತಿತ್ತು. ಅಲ್ಲಿಯೇ ಶಾಲೆಗೆ ಸೇರಿಸುತ್ತಾರಂತೆ ಎಂದು ಯಾರೋ ಹೇಳಿದರು. ಸೇರಿಸಿದರೆ ಅವರಿಬ್ಬರೂ ತಿರುಗಿ ಬರುವುದಿಲ್ಲ. ನನ್ನ ನಾಚಿಕೆ ಒಂದರಿಂದಲೇ ನಾನು ಎದ್ದು ಹೊರಟೆ ಎಂದು ಬರೆದರೆ ಸುಳ್ಳಾಗುತ್ತದೆ. ಆ ಹೆದರಿಕೆಯೂ ಇತ್ತು.

ಹೊಸದುರ್ಗದಿಂದ ಹಿರಿಯೂರಿನ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಹೆಂಗಸು, ಯಾರ ಮನೆಗೆ ಎಂದು ಕೇಳಿದಳು.

"ಸೊಸೆ ತವರಿಗೆ."

"ಕರ್ಕಂಡು ಬರಾಕಾ? ಜಗಳ ಆಡಿ ಹೋದ್ಲಾ?"

"ಜಗಳ ಏನಿಲ್ಲ."

"ನೀವು ಹೇಳಾದೇ ಬ್ಯಾಡ ಬಿಡ್ರಿ. ನಮ್ಮನೆಯಾಗೂ ಒಬ್ಳು ಐದಾಳೆ. ಎದ್ದ ತಕ್ಷಣ ಅವಳಿಗೆ ಟೀ ಆಗ್ಬೇಕು. ಅತ್ತೆ ಸತ್ತಾಳೋ ಬದುಕ್ಯಾಳೋ ಆಮೇಲೆ."

ಹಿರಿಯೂರು ಬರುವವರೆಗೆ ಅವಳು ತನ್ನ ಸೊಸೆಯನ್ನು ಬೈದಳು. ಮಾರಿಕಣಿವೆಯ ಕಡೆಯ ಗುಡ್ಡಗಳು ಕಿಟಕಿಯಲ್ಲಿ ಹಿಂದೆ ಹೋಗುತ್ತಿದ್ದವು. ನಾನು ಏನಕ್ಕೆ ಹೊರಟಿದ್ದೇನೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವಳ ಒಂದೊಂದು ಮಾತಿಗೂ ನನ್ನ ತಲೆ ತಾನಾಗಿ ಹೌದು ಹೌದೆಂದು ಆಡುತ್ತಿತ್ತು. ಒಮ್ಮೆ "ಈಗಿನವರೆಲ್ಲ ಹಂಗೇ" ಎಂದೂ ಅಂದೆ. ಅಂದ ಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡೆ.

ಜವನಗೊಂಡನಹಳ್ಳಿಯಲ್ಲಿ ಬೀಗಿತ್ತಿ ಕೋಲು ಊರಿಕೊಂಡು ಬಾಗಿಲಿಗೆ ಬಂದರು. "ಬರ್ರಿ ಅಕ್ಕ, ಕುಂತ್ಕಳ್ರಿ. ಬಿಸ್ಲಾಗೆ ಬಂದೀರಿ" ಎಂದರು. ಮಾತಿನಲ್ಲಿ ಮರ್ಯಾದೆಗೆ ಏನೂ ಕೊರತೆಯಿರಲಿಲ್ಲ. ಅಣ್ಣ ನನ್ನನ್ನು ನೋಡಿ, ಹೊಲದ ಕಡೆ ಕೆಲಸವಿದೆ ಎಂದು ಬೈಕು ಹತ್ತಿ ಹೋದ. ಮೊಮ್ಮಗಳು ಓಡಿಬಂದು ನನ್ನ ಕಾಲು ಹಿಡಿದುಕೊಂಡಳು. "ಅಜ್ಜಿ, ಚಿಕ್ಕಜ್ಜಿ ಕುರಿ ಮರಿ ಹಾಕ್ತಾ?"

"ಎರಡು ಹಾಕೈತೆ. ಒಂದು ಕರೀದು, ಒಂದು ಕಂದು."

"ಕಂದು ನಂದು," ಎಂದಳು. ಬೀಗಿತ್ತಿ ಅವಳನ್ನು ಒಳಗೆ ಕರೆದುಕೊಂಡು ಹೋದರು. ನನಗೆ ಸೊಸೆಯ ಹತ್ತಿರ ಮಾತಾಡಲು ಬಿಟ್ಟುಹೋದರು ಎಂದು ತಿಳಿಯಿತು.

ಸೊಸೆ ಹಿತ್ತಲಲ್ಲಿ ಬಿತ್ತನೆಗೆಂದು ಶೇಂಗಾ ಬಿಡಿಸುತ್ತಿದ್ದಳು. ನಾನೂ ಎದುರಿಗೆ ಕೂತು ಒಂದು ಹಿಡಿ ಮುಂದಕ್ಕೆ ಎಳೆದುಕೊಂಡೆ.

"ಅವತ್ತು ನೀನು ಉಣ್ತಿದ್ದಾಗ ನಾನು ಬಂದೋರ ಮುಂದೆ ಒಂದು ಮಾತಂದೆ," ಎಂದೆ.

"ಕೇಳಿಸ್ತು ಅತ್ತೆ. ಬಾಗ್ಲು ತೆಗ್ದೇ ಇತ್ತಲ್ಲ."

ಸುತ್ತಿ ಬಳಸಿ ಯಾರಿಂದಲೋ ಅವಳ ಕಿವಿಗೆ ಬಿದ್ದಿರಬೇಕು ಎಂದೇ ನಾನು ಅಂದುಕೊಂಡಿದ್ದೆ.

"ಮತ್ತೆ ಯಾಕೆ ಸುಮ್ನಿದ್ದೆ?"

"ಬಾಯಾಗೆ ತುತ್ತಿತ್ತು."

ನಾನು ಕೈಯಲ್ಲಿದ್ದ ಕಾಯಿ ಒಡೆಯುವುದನ್ನು ಬಿಟ್ಟೆ. ಅವಳು ಬಿಡಿಸುತ್ತಲೇ ಇದ್ದಳು. ನಾನು ಅವಳ ಪರವಾಗಿ ಏನಾದರೊಂದು ಹೇಳಬೇಕೆಂದು ಹುಡುಕಿದೆ. "ಹಿಂದಿನ ದಿನದಿಂದ ಗಾಡಿಯಾಗೆ ಓಡಾಡಿದ್ದೆ. ತಲೆ ಸುತ್ತು ಬಂದಿರ್ಬೇಕು. ತಡೀಲಾರ್ದೆ ಉಂಡಿದೀಯ. ನನಗೆ ಆಗ ಹೊಳೀಲಿಲ್ಲ."

"ಇಲ್ಲ ಅತ್ತೆ. ತಲೆ ಸುತ್ತಿರ್ಲಿಲ್ಲ. ಹಸಿವಾಗಿತ್ತು, ಉಂಡೆ. ಸಾರು ಚೆನ್ನಾಗಿತ್ತು, ಇನ್ನೊಂದು ಸೌಟು ಹಾಕ್ಕಂಡೆ. ನೀವು ನೋಡಿದ್ದೇನೂ ಸುಳ್ಳಲ್ಲ."

ನಾನು ಬಂದದ್ದು ಬೇರೆಯದನ್ನು ಕೇಳಿಸಿಕೊಳ್ಳಲು ಎಂದು ಆಗ ಅರ್ಥವಾಯಿತು. ಅವಳು ಅಳಬೇಕಿತ್ತು, ಆ ದಿನ ತನಗೆ ಏನಾಗಿತ್ತೆಂದು ಹೇಳಬೇಕಿತ್ತು, ಅದನ್ನು ಕೇಳಿ ನಾನು ಕ್ಷಮಿಸಬೇಕಿತ್ತು. ತಪ್ಪು ಒಪ್ಪಿಕೊಳ್ಳಲು ಬಂದವಳ ಹಾಗೆ ಬಸ್ಸು ಹತ್ತಿ, ಒಳಗೆ ಕ್ಷಮಿಸುವ ತಯಾರಿ ಮಾಡಿಕೊಂಡು ಬಂದಿದ್ದೆ.

"ನಿಮ್ಮನ್ನ ಚಿಕ್ಕತ್ತೆ ಎಬ್ಬಿಸಿ ಉಣ್ಣಿಸಿದ್ರು," ಎಂದಳು ಅವಳು. "ಅವ್ವ ಬಂದಿರ್ಲಿಲ್ಲ. ನನ್ನತ್ರ ಯಾರೂ ಬರ್ಲಿಲ್ಲ. ಒಬ್ರಾದ್ರೂ ಬಂದು ಉಣ್ಣು ಅಂದಿದ್ರೆ ನಾನೂ ಬ್ಯಾಡ ಅಂತಿದ್ದೆ. ಬ್ಯಾಡ ಅನ್ನಾಕೆ ನಂಗೂ ಬರ್ತೈತೆ."

ತಾಯಿ ಬರಲಾಗದ ಕಡೆ ಅವಳನ್ನು ಎಬ್ಬಿಸಬೇಕಿದ್ದವಳು ಅತ್ತೆ. ನಾನು ಆ ಕೋಣೆಯಿಂದ ಹೊಟ್ಟೆ ತುಂಬಿಸಿಕೊಂಡು ಬಂದು ಗೋಡೆಗೆ ಒರಗಿದ್ದೆ.

"ತಪ್ಪಾತವ್ವ," ಎಂದೆ.

"ನನ್ನತ್ರ ಹೇಳಿದ್ರೆ ನಂಗೇನು ಸಿಗ್ತೈತೆ ಅತ್ತೆ? ಅಲ್ಲಿ ಅವರ ನಡುವೆ ನಲ್ಲಿ ಹತ್ರ ಕೊಡ ಹಿಡ್ಕಂಡು ನಿಲ್ಲೋಳು ನಾನು. ಯಾರ ಮುಂದೆ ಅಂದಿದ್ರೋ ಅವರ ಮುಂದೆ ಹೇಳ್ರಿ. ಆಮೇಲೆ ಬರಾದು ಬಿಡಾದು ಯೋಚ್ನೆ ಮಾಡ್ತೀನಿ."

ಏಳುವಾಗ ಇಷ್ಟು ದಿನ ಕೇಳದೇ ಇದ್ದದ್ದನ್ನು ಕೇಳಿದೆ. ಗಾಡಿಯಲ್ಲಿ ಅವನು ಏನಾದರೂ ಹೇಳಿದನಾ ಎಂದು. ಅವಳು ತಲೆ ಎತ್ತದೆ, "ಏನೂ ಹೇಳ್ಲಿಲ್ಲ. ಕಾಲು ಜೋಮು ಹಿಡ್ದೈತೆ ಅಂದ್ರು. ಒತ್ತುತಾ ಇದ್ದೆ. ಎಲ್ಲಿ ತನ್ಕ ಒತ್ತಿದ್ನೋ ಗೊತ್ತಿಲ್ಲ" ಎಂದಳು. ಅಷ್ಟು ಹೇಳುವಾಗ ಅವಳ ಕೈ ಶೇಂಗಾದ ಮೇಲೆ ನಿಂತಿತ್ತು.

ಊರಿಗೆ ಬಂದ ಮೇಲೆ ಸಂಘದ ಸಭೆಯ ದಿನ ಕಾದೆ. ಗುಡಿಯ ಜಗುಲಿಯ ಮೇಲೆ ಎಲ್ಲರೂ ಸೇರಿದ್ದರು. ಪಕ್ಕದೂರಿನವರಲ್ಲಿ ಇಬ್ಬರು ಇದ್ದರು, ಅಂದು ಸೊಸೆ ಎಲ್ಲಿ ಎಂದು ಕೇಳಿದ ಹಿರಿಯಳೂ ಇದ್ದಳು. ಕೆಲಸ ಮುಗಿದು ಟೀ ಬರುವ ಹೊತ್ತಿಗೆ ನಾನು ಬಾಯಿ ತೆಗೆದೆ. ನನ್ನ ಮಗ ಹೋದಾಗ ಸೊಸೆ ಉಂಡಳೆಂದು ನಾನು ಆಡಿದ್ದು ಕೆಟ್ಟ ಮಾತು, ಅಂದು ಅವಳಿಗಿಂತ ಮೊದಲು ನಾನೇ ಉಂಡಿದ್ದೆ, ಅವಳಿಗೆ ಉಣ್ಣಿಸಬೇಕಿದ್ದವಳು ನಾನು ಎಂದೆ.

ಓರಗಿತ್ತಿ ನನ್ನ ತೊಡೆ ಚಿವುಟಿದಳು. "ಸುಮ್ನಿರಕ್ಕ. ನಾನೇ ಅಲ್ವಾ ತಿನ್ನಿಸಿದ್ದು? ಎಲ್ಡು ತುತ್ತು."

"ಎಲ್ಡು ತುತ್ತಲ್ಲ. ಒಂದೂವರೆ ಮುದ್ದೆ. ನೀನೇ ಬಡಿಸಿದ್ದು."

ಯಾರೋ ಕಿಸಕ್ಕೆಂದು ನಕ್ಕರು. ಆಮೇಲೆ ಆ ಹಿರಿಯಳು ಕಣ್ಣು ಒರೆಸಿಕೊಂಡು ಹೇಳಿದಳು. "ನೋಡ್ರವ್ವ, ಸೊಸೆ ಮೇಲಿನ ಮಾತ್ನ ತನ್ನ ಮೇಲೆ ಎಳ್ಕಂತಾಳೆ. ಮಗ ಹೋದ ಮೇಲೂ ಸೊಸೇನ ಬಿಟ್ಟುಕೊಡಲ್ಲ. ಇಂಥ ಅತ್ತೆ ಯಾರಿಗೆ ಸಿಗ್ತಾರೆ?"

"ಹಂಗಲ್ಲಕ್ಕ, ನಿಜವಾಗ್ಲೂ ನಾನು..."

"ಗೊತ್ತು ಬಿಡು. ನಿನ್ನ ಮನಸು ದೊಡ್ಡದು."

ಇನ್ನಿಬ್ಬರು ಹೌದೆಂದರು. ನಾನು ಮತ್ತೆ ಹೇಳಿದಷ್ಟೂ ಅವರ ಕಣ್ಣಲ್ಲಿ ದೊಡ್ಡವಳಾದೆ. ಸೊಸೆ ಮಾತ್ರ ಇದ್ದಲ್ಲೇ ಉಳಿದಳು. ಅತ್ತೆ ಮುಚ್ಚಿಡಲು ನೋಡುವಷ್ಟು ದೊಡ್ಡ ತಪ್ಪು ಮಾಡಿದವಳಾಗಿ. ಟೀ ಬಂತು. ಕುಡಿದೆ. ಅವರ ಹೊಗಳಿಕೆಯಿಂದ ಎದೆಯ ಒಂದು ಮೂಲೆಯಲ್ಲಿ ನನಗೆ ಹಿತವಾಗುತ್ತಿತ್ತು. ಅದಕ್ಕಿಂತ ನಾಚಿಕೆಯ ಕ್ಷಣ ನನ್ನ ಬದುಕಿನಲ್ಲಿ ಬಂದಿಲ್ಲ.

ಮರುದಿನ ಸೊಸೆಗೆ ಫೋನು ಮಾಡಿದೆ.

"ಹೇಳಿದ್ರಾ?"

"ಹೇಳ್ದೆ."

"ಏನಂದ್ರು?"

"ಏನೂ ಅನ್ಲಿಲ್ಲ."

ಆ ಕಡೆ ಎಲ್ಲೋ ಟ್ರ್ಯಾಕ್ಟರಿನ ಸದ್ದು ಬರುತ್ತಿತ್ತು. ನನಗೆ ತಡೆಯಲಾಗಲಿಲ್ಲ. "ನನ್ನ ಮನಸು ದೊಡ್ಡದು ಅಂದ್ರು," ಎಂದೆ.

ಅವಳು ನಕ್ಕಳು. ಸಂತೋಷದ ನಗುವಲ್ಲ, ಆದರೆ ಜೋರಾಗಿಯೇ ನಕ್ಕಳು. "ಅಂದ್ರೆ ನಾನು ಅವತ್ತಿಗಿಂತ ಇವತ್ತು ಇನ್ನೂ ಕೆಟ್ಟೋಳು ಅಂದಂಗಾತು."

"ಮತ್ತೆ ಹೇಳ್ತೀನಿ. ಎಷ್ಟು ಸರ್ತಿ ಆದ್ರೂ ಹೇಳ್ತೀನಿ."

"ಹೇಳಿದಂಗೆಲ್ಲ ನೀವು ದೇವ್ರಾಗ್ತೀರಿ ಅತ್ತೆ. ಬಿಡ್ರಿ." ಆಮೇಲೆ ಅವಳೇ ಹೇಳಿದಳು. "ಶಾಲೆ ಶುರುವಾಗಾಕೆ ಮುಂಚೆ ಬರ್ತೀವಿ. ಮಗಳು ಅಲ್ಲೇ ಓದ್ಬೇಕು ಅಂತ ನಿಮ್ಮ ಮಗನ ಆಸೆ ಇತ್ತು. ಅದಕ್ಕೆ ಬರ್ತೀನಿ. ನೀವು ಕರೆದ್ರಿ ಅಂತಲ್ಲ."

ಅವಳು ಬಂದಳು. ಮೊಮ್ಮಗಳು ಈಗ ಎರಡನೇ ತರಗತಿಗೆ ಹೋಗುತ್ತಾಳೆ. ನಾವು ಮೂವರು ಅದೇ ಮನೆಯಲ್ಲಿದ್ದೇವೆ. ಎಲ್ಲ ಸರಿಹೋಯಿತು ಎಂದು ನಾನು ಬರೆಯಲಾರೆ. ಅವಳು ಉಣ್ಣಲು ಕೂತರೆ ಈಗಲೂ ನನ್ನ ಕಣ್ಣು ಅವಳ ತಟ್ಟೆಯ ಕಡೆ ಹೋಗುತ್ತದೆ. ಹೋಗಬಾರದೆಂದು ಗೊತ್ತಿದ್ದೂ ಹೋಗುತ್ತದೆ. ಹೋದದ್ದು ಅವಳಿಗೆ ಗೊತ್ತಾಗುತ್ತದೆ, ಅವಳಿಗೆ ಗೊತ್ತಾದದ್ದು ನನಗೆ. ಒಂದು ದಿನ ತಟ್ಟೆಯನ್ನು ನನ್ನ ಕಡೆ ಸ್ವಲ್ಪ ವಾರೆ ಮಾಡಿ, "ನೋಡ್ಕಳ್ರಿ ಅತ್ತೆ, ಎರಡನೇ ಮುದ್ದೆ" ಎಂದಳು. ಮೊಮ್ಮಗಳು ತಮಾಷೆ ಎಂದುಕೊಂಡು ತನ್ನ ತಟ್ಟೆಯನ್ನೂ ತೋರಿಸಿದಳು.

ಅಂದಿನಿಂದ ಅವಳ ಊಟದ ಹೊತ್ತಿಗೆ ನಾನು ಎದ್ದು ಹೊರಗೆ ಹೋಗತೊಡಗಿದೆ. ನೆಮ್ಮದಿಯಾಗಿ ಉಣ್ಣಲಿ ಎಂದು ಮನೆ ಮುಂದಿನ ಬೇವಿನ ಮರದ ಕಟ್ಟೆಯ ಮೇಲೆ ಕೂತಿರುತ್ತಿದ್ದೆ. ಕೆಲವು ದಿನ ಹೀಗಾಯಿತು. ಒಂದು ಮಧ್ಯಾಹ್ನ ನಲ್ಲಿಯ ಕಡೆಯಿಂದ ಬರುತ್ತಿದ್ದ ಹೆಂಗಸೊಬ್ಬಳು ನನ್ನನ್ನು ನೋಡಿ ಕೊಡ ಇಳಿಸಿ ನಿಂತಳು.

"ಏನಕ್ಕ, ದಿನಾ ಉಣ್ಣೊ ಹೊತ್ತಿಗೆ ಹೊರಗೆ ಕುಂತಿರ್ತೀಯ? ಒಳಗೆ ಸೇರ್ಸಲ್ವಾ ಸೊಸೆ?"

ಅವಳ ಮುಖದಲ್ಲಿ ಕನಿಕರವಿತ್ತು. ನನ್ನ ಮೇಲೆ ಕನಿಕರ. ನಾನು ಕಟ್ಟೆಯಿಂದ ಇಳಿದೆ. "ಇಲ್ಲವ್ವ. ನಾನೇ ಬಂದು ಕುಂತಿದ್ದೆ, ನನ್ನ ಕಣ್ಣು ಸರಿ ಇಲ್ಲ ಅಂತ" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ನಂಬಿದಂತೆಯೂ ಕಾಣಲಿಲ್ಲ.

ಮನೆಯೊಳಗೆ ಹೋಗಿ ನನ್ನ ತಟ್ಟೆ ತೆಗೆದುಕೊಂಡು ಸೊಸೆಯ ಪಕ್ಕದಲ್ಲಿ, ಎದುರಿಗಲ್ಲ, ಪಕ್ಕದಲ್ಲಿ ಕೂತೆ. ಅವಳು ಸ್ವಲ್ಪ ಸರಿದು ಜಾಗ ಬಿಟ್ಟಳು. ಈಗ ದಿನವೂ ಹಾಗೆಯೇ ಕೂರುತ್ತೇವೆ. ಹೆಚ್ಚು ಮಾತಿಲ್ಲ. ನನ್ನ ಕಣ್ಣನ್ನು ನನ್ನ ತಟ್ಟೆಯಲ್ಲೇ ಇಡಲು ನೋಡುತ್ತೇನೆ. ಕೆಲವು ದಿನ ಸಾಧ್ಯವಾಗುತ್ತದೆ.